ಲಕ್ಷ್ಮಿಯ ಪಕ್ಕದಲ್ಲಿದ್ದ ಸಿ.ಡಿ.

ಆಫೀಸಿನ ದೇವರ ಗೂಡಿನಲ್ಲಿ ಲಕ್ಷ್ಮಿಯ ಫೋಟೊ ಪಕ್ಕದಲ್ಲಿದ್ದ ಸಿ.ಡಿ.ಯನ್ನು ರಾವ್ ಅವರು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. ಕವರಿನ ಮೇಲೆ ಕುಂಕುಮವಿತ್ತು. ಸೀಲ್ ಮಾತ್ರ ಒಡೆದಿರಲಿಲ್ಲ.

ಅದು ಅವರ ಡೇಟಾಬೇಸ್‌ನ ದೋಷ ಸರಿಪಡಿಸಲು ಹಿಂದಿನ ವರ್ಷ ನಮ್ಮ ಕಂಪನಿ ಕಳಿಸಿದ್ದ ಪ್ಯಾಚ್. ಈಗ ಅದೇ ದೋಷದ ಮೂಲಕ ವೈರಸ್ ನುಗ್ಗಿ, ಫರೀದಾಬಾದಿನ ಆ ಕಾರ್ಖಾನೆಯಲ್ಲಿ ಬಿಲ್ ಮಾಡಲಾಗದೆ ಮಾಲು ತುಂಬಿದ ಲಾರಿಗಳು ಗೇಟಿನೊಳಗೇ ನಿಂತಿದ್ದವು. ರಾವ್ ಅಲ್ಲಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ನಮ್ಮ ಕನ್ನಡದವರೇ. ಅವರ ಎಂಜಿನಿಯರಿಂಗ್ ಪದವಿ ಪತ್ರ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಅದೂ ಬರೀ ಪೂಜೆಗೇ ಇರಬೇಕು.

"ಇದನ್ನ ಹಾಕಲೇ ಇಲ್ವಾ ಸರ್?" ಎಂದೆ.

"ದೀಪಾವಳಿ ಪೂಜೇಲಿ ನಮ್ಮ ಮಾಲೀಕರು ಸೇಠ್‌ಜೀನೇ ಇಲ್ಲಿಟ್ರು. ಆಮೇಲೆ ತೆಗೆಯೋಕೆ ಯಾರಿಗ್ರೀ ಧೈರ್ಯ? ಸರ್ವರ್ ಹೇಗೂ ಚೆನ್ನಾಗೇ ಓಡ್ತಿತ್ತಲ್ಲ," ಎಂದರು, ತಪ್ಪೆಲ್ಲ ಲಕ್ಷ್ಮಿಯದೇ ಎಂಬಂತೆ.

ಅಂದಿನಿಂದ ಪ್ರತಿ ಪ್ಯಾಚ್ ಬಂದಾಗಲೂ ನಾನೇ ಫರೀದಾಬಾದಿಗೆ ಹೋಗುತ್ತೇನೆ. ಸಿ.ಡಿ. ತೆಗೆದು ಸರ್ವರ್‌ಗೆ ಹಾಕಿ, ಕೆಲಸ ಮುಗಿದ ಮೇಲೆ ಖಾಲಿ ಕವರನ್ನು ಅಂಟಿಸಿ ಲಕ್ಷ್ಮಿಯ ಪಕ್ಕದಲ್ಲಿಟ್ಟು ಬರುತ್ತೇನೆ. ಪೂಜೆ ನಡೆಯುತ್ತಲೇ ಇದೆ. ಒಳಗೆ ಏನೂ ಇಲ್ಲವೆಂದು ಅಲ್ಲಿ ಯಾರಿಗೂ ಇನ್ನೂ ಗೊತ್ತಾಗಿಲ್ಲ.