ಪಂಪಕ್ಕನ ಮೂಗು

ತಗಡಿನ ಕಾರ್ಖಾನೆ ಪಂಪಕ್ಕನಿಗೆ ಒಂದು ಮೂಗು ಬಾಕಿ ಇಟ್ಟುಕೊಂಡಿದೆ. ಆ ಬಾಕಿಯಲ್ಲಿ ಕೊಳಚೆ ನೀರಿನ ಇಲಾಖೆಗೂ ಪಾಲಿದೆ. ಇಬ್ಬರೂ ತೀರಿಸಿಲ್ಲ, ತೀರಿಸುವ ಮಾತೂ ಆಡಿಲ್ಲ.

ಮುಖದ ಮೇಲೆ ಮೂಗು ಇಲ್ಲವೆಂದಲ್ಲ. ನೆಟ್ಟಗೇ ಇದೆ. ಕೆಲಸ ಮಾಡುವುದಿಲ್ಲ, ಅಷ್ಟೇ.

ಊರಿನ ತಗ್ಗಿನ ಬೀದಿ ಮುಗಿಯುವಲ್ಲಿ ಪಂಪ್‌ಹೌಸ್ ಇದೆ. ಎಲ್ಲರ ಬಚ್ಚಲು, ಕಕ್ಕಸಿನ ನೀರು ಬಂದು ಅಲ್ಲಿಯ ಆಳದ ಬಾವಿಗೆ ಬೀಳುತ್ತದೆ. ಪಂಪು ಅದನ್ನು ಎತ್ತಿ ಶುದ್ಧೀಕರಣ ಘಟಕಕ್ಕೆ ತಳ್ಳುತ್ತದೆ. ಬಾವಿಯೊಳಗೆ ಒಂದು ಕಬ್ಬಿಣದ ಜಾಲರಿ. ಚಿಂದಿ ಬಟ್ಟೆ, ಪ್ಲಾಸ್ಟಿಕ್ಕು, ಸತ್ತ ನಾಯಿ, ಜನ ತಮ್ಮದಲ್ಲ ಎಂದು ಎಸೆದದ್ದೆಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸಲು ಹಗ್ಗ ಕಟ್ಟಿಕೊಂಡು ಇಳಿಯುವವನು ಪಂಪಕ್ಕನ ಮೈದುನ. ಅತ್ತೆ ತೀರಿಕೊಂಡಾಗ ಅವನಿನ್ನೂ ಚಡ್ಡಿ ಜಾರಿಸಿಕೊಂಡು ಓಡಾಡುತ್ತಿದ್ದ. ಉಣಿಸಿ, ಬೈದು, ಎರಡು ಬಾರಿಸಿ ಬೆಳೆಸಿದವಳು ಇವಳೇ.

ಇವಳ ಕೆಲಸ ಪಂಪು ಹಾಕುವುದು, ಆರಿಸುವುದು. ಅದರ ಮೇಲೆ ಇನ್ನೊಂದು, ಯಾವ ನೇಮಕದ ಆದೇಶದಲ್ಲೂ ಬರೆಯದ ಕೆಲಸ. ಮೈದುನ ಇಳಿಯುವ ಮುಂಚೆ ಬಾವಿಯ ಬಾಯಿಗೆ ತಲೆಯಿಟ್ಟು ಮೂಸಬೇಕು. ಕೊಳೆತ ಮೊಟ್ಟೆಯ ನಾತ ಬಂದರೆ ಇಳಿಸುವಂತಿಲ್ಲ. ವಿಷಗಾಳಿ ಅಳೆಯುವ ಮೀಟರು ಇಲಾಖೆಯಲ್ಲಿ ಇಲ್ಲವೇ ಎಂದರೆ, ಇದೆ. ಆಫೀಸಿನ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ, ಬೀಗದೊಳಗೆ ಸುಖವಾಗಿದೆ. ತಪಾಸಣೆಗೆ ಬಂದವರಿಗೆ ತೋರಿಸಬೇಕಲ್ಲ, ಕೆಟ್ಟರೆ ಯಾರು ಉತ್ತರ ಕೊಡುವವರು? ಪಂಪಕ್ಕನ ಮೂಗು ಕೆಟ್ಟರೆ ಯಾರೂ ಕೇಳುವುದಿಲ್ಲ.

ಮೇಲಿನ ದಿಬ್ಬದ ಕಾರ್ಖಾನೆಯಲ್ಲಿ ತಗಡನ್ನು ಆಸಿಡ್ಡಿನಲ್ಲಿ ತೊಳೆಯುತ್ತಾರೆ. ತೊಳೆದ ನೀರು ನಮ್ಮ ಕೊಳವೆಗೇ ಬರುತ್ತದೆ. ಕೊಳವೆಯಲ್ಲಿ ಕೂತ ಹಳೇ ಹೊಲಸಿನ ಮೇಲೆ ಆಸಿಡ್ಡು ಬಿದ್ದರೆ ಏಳುವುದು ಅದೇ ವಿಷಗಾಳಿ. ಹಿಂದೊಮ್ಮೆ ಮಳೆಗೆ ತಗ್ಗಿನ ಬೀದಿ ಮುಳುಗಿದಾಗ ಆಫೀಸಿನಲ್ಲಿ ಸಭೆ ಸೇರಿತು. ಇಲಾಖೆ, ಮಾಲಿನ್ಯ ಮಂಡಳಿ, ಕಾರ್ಖಾನೆ, ಮೂವರೂ ಒಂದೇ ಮೇಜಿಗೆ ಕೂತು ಚಹಾ ಕುಡಿದರು. ನೆರೆ ಬಂದರೆ ಕಾರ್ಖಾನೆ ತನ್ನ ದೊಡ್ಡ ಡೀಸೆಲ್ ಪಂಪು ಕೊಡುತ್ತದೆ. ಆಸಿಡ್ಡು ಶುದ್ಧ ಮಾಡುವ ತೊಟ್ಟಿ ಕಟ್ಟಲು ಮಂಡಳಿ ಅದಕ್ಕೆ ಕಾಲಾವಕಾಶ ಕೊಡುತ್ತದೆ. ಇದಕ್ಕೆ ಸಹಕಾರ ಎಂದು ಹೆಸರಿಟ್ಟರು. ಕಾಲಾವಕಾಶ ಮುಗಿದಂತೆಲ್ಲ ಮುಂದಕ್ಕೆ ಹೋಯಿತು. ನೀರು ಪರೀಕ್ಷೆಗೆ ಬರುವ ಅಧಿಕಾರಿ ಮೊದಲೇ ಫೋನು ಮಾಡಿ ಬರುತ್ತಿದ್ದರು. ಅವತ್ತು ಆ ಕೊಳವೆಯ ನೀರಲ್ಲಿ ಹಸುಗೂಸಿಗೆ ಸ್ನಾನ ಮಾಡಿಸಬಹುದಿತ್ತು. ಕಾಗದದಲ್ಲಿ ಎಲ್ಲವೂ ಶುದ್ಧ. ಜೋರು ಮಳೆ ಹಿಡಿದ ದಿನ ಮಾತ್ರ ಕಾರ್ಖಾನೆಯವರು ಆಸಿಡ್ಡು ನೀರು ಕೂಡಿಟ್ಟ ಟ್ಯಾಂಕಿನ ಬಿರಡೆ ಕೀಳುತ್ತಿದ್ದರು. ಮಳೆ ನೀರಿನೊಳಗೆ ಯಾರ ಪಾಪ ಯಾರಿಗೆ ಕಾಣಬೇಕು?

ಆ ಗಾಳಿ ಮೂಸಿ ಮೂಸಿ ಮೂಗು ಸತ್ತದ್ದು ಪಂಪಕ್ಕನಿಗೆ ತಿಳಿದದ್ದು ಮನೆಯಲ್ಲಿ. ಒಲೆಯ ಮುಂದೆಯೇ ಕೂತಿದ್ದಾಳೆ, ಹಾಲು ಸೀದು ಪಾತ್ರೆ ಕಪ್ಪಾಗಿದೆ, ಪಕ್ಕದ ಮನೆಯವಳು ಓಡಿ ಬಂದಳು. "ಏನ್ರೀ, ಮನೆಗೆ ಬೆಂಕಿ ಬಿದ್ರೂ ಹಿಂಗೇ ಕೂತಿರ್ತೀರಾ?" ಆಮೇಲೆ ಪಂಪಕ್ಕ ಬಾಗಿಲು ಹಾಕಿಕೊಂಡು ಫಿನಾಯಿಲ್ ಬಾಟಲಿ ಮೂಗಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ವಾಸನೆ ಬರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಗುತ್ತಿಗೆ ಕೆಲಸ ಹೋಗುತ್ತದೆ. ಗಂಡನ ಹೊಲಿಗೆ ಮಷಿನ್ನೊಂದರಿಂದ ಮನೆ ನಡೆಯುವುದಿಲ್ಲ. ಬಾವಿಗೆ ಬಗ್ಗುವ ನಟನೆ ಮಾಡಿ, ಓರೆಗಣ್ಣಲ್ಲಿ ಸುತ್ತ ನಿಂತವರ ಮುಖ ನೋಡುತ್ತಿದ್ದಳು. ಯಾರಾದರೂ ಮೂತಿ ಸಿಂಡರಿಸಿದರೆ "ಇವತ್ತು ಬೇಡ" ಎನ್ನುತ್ತಿದ್ದಳು. ಅನುಮಾನ ಬಂದರೂ "ಬೇಡ".

"ಅತ್ತಿಗೆ, ನಿಮ್ಮ ಮೂಗು ಮುನಿಸಿಪಾಲಿಟಿಗಿಂತ ಕಡೆ ಆಯ್ತು. ಯಾವುದಕ್ಕೂ ಪರ್ಮಿಷನ್ನೇ ಕೊಡಲ್ಲ" ಎಂದು ಮೈದುನ ಕಿಚಾಯಿಸುತ್ತಿದ್ದ.

"ಬಾಯಿ ಮುಚ್ಚು. ಒಳಗೆ ಇಳಿದಾಗ್ಲಾದ್ರೂ ಮುಚ್ಚು."

ಕಳೆದ ಮಳೆಗಾಲದ ಆ ಮಧ್ಯಾಹ್ನ ದೀಪ ಹಚ್ಚುವಷ್ಟು ಕತ್ತಲೆ ಕವಿದಿತ್ತು. ಜಾಲರಿಗೆ ಯಾರದೋ ಹಾಸಿಗೆ ಕಚ್ಚಿಕೊಂಡಿತ್ತು. ಪಂಪು ಬರೀ ಗಾಳಿ ಎಳೆದು ಕಿರುಚುತ್ತಿತ್ತು. ತಗ್ಗಿನ ಬೀದಿಯಲ್ಲಿ ಬಚ್ಚಲಿನಿಂದ ನೀರು ಹಿಮ್ಮರಳಿ ಮನೆಯೊಳಗೆ ಬರುತ್ತಿತ್ತು. ಕಾರ್ಖಾನೆಯ ಮ್ಯಾನೇಜರು ರೇನ್‌ಕೋಟು ಹಾಕಿಕೊಂಡು ಡೀಸೆಲ್ ಪಂಪಿನ ಜೊತೆ ಬಂದರು. ಇಲಾಖೆಯ ಇಂಜಿನಿಯರು ಬಂದರು. ಜಾಲರಿ ಬಿಡಿಸದೆ ಯಾವ ಪಂಪೂ ನೀರೆಳೆಯುವುದಿಲ್ಲ.

"ಬೇಗ ಮೂಸಮ್ಮಾ, ಬೀದಿ ಮುಳುಗ್ತಾ ಇದೆ" ಎಂದರು ಇಂಜಿನಿಯರು.

ಮೈದುನ ಹಗ್ಗ ಕಟ್ಟಿಕೊಂಡು ಸಿದ್ಧನಾಗಿದ್ದ. "ಅತ್ತಿಗೆ, ಅಣ್ಣನ ಮಷಿನ್ ಮೇಲೆ ಕಪ್ಪೆ ಹತ್ತೋ ಮುಂಚೆ ಮುಗಿಸೋಣ."

ಅವಳು ಬಗ್ಗಿದಳು. ಏನೂ ಇಲ್ಲ. ಅಭ್ಯಾಸದಂತೆ ಮುಖಗಳ ಕಡೆ ನೋಡಿದಳು. ಎಲ್ಲರೂ ಕಣ್ಣಿನವರೆಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದರು. ಒಂದು ಮುಖವೂ ಕಾಣಲಿಲ್ಲ.

ಅವಳು ಮ್ಯಾನೇಜರ ಕಡೆ ತಿರುಗಿದಳು. "ಟ್ಯಾಂಕು ಬಿಟ್ರಾ ಸಾರ್?"

"ಯಾವ ಟ್ಯಾಂಕು?" ಎಂದು ಅವರು ಕೈಗಡಿಯಾರದ ಮೇಲಿನ ನೀರು ಒರೆಸಿಕೊಂಡರು.

"ಇಳೀಬೇಡ ಕಣೋ" ಎಂದಳು ಮೈದುನನಿಗೆ.

"ಯಾಕೆ, ನಾತ ಬರ್ತಿದೆಯಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ನಂಗೆ ವಾಸನೆ ಬರಲ್ಲ. ಬಹಳ ದಿನ ಆಯ್ತು. ನಿಮ್ಮ ಮೂತಿಗಳನ್ನ ನೋಡಿ ಹೇಳ್ತಿದ್ದೆ."

ಗಂಟು ಬಿಗಿಯುತ್ತಿದ್ದ ಮೈದುನನ ಕೈ ನಿಂತಿತು. "ಅಂದ್ರೆ, ನನ್ನ ಮೂತಿ ನೋಡ್ಕೊಂಡು ನನ್ನನ್ನೇ ಇಳಿಸ್ತಿದ್ರಾ ಅತ್ತಿಗೆ?" ನಗಲು ಹೋದ, ಆಗಲಿಲ್ಲ.

"ಬೇರೆ ಯಾರಾದ್ರೂ ಮೂಸ್ರಪ್ಪಾ!" ಇಂಜಿನಿಯರು ಕೂಗಿದರು.

"ನೀವೇ ಮೂಸಿ ಸಾರ್" ಎಂದ ಮೈದುನ.

ಇಂಜಿನಿಯರು ಬಾವಿಯ ಕಡೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತರು. ಮೀಟರು ತರಿಸಿ ಎಂದಳು ಪಂಪಕ್ಕ. ಬೀರುವಿನ ಕೀಲಿ ಗುಮಾಸ್ತನ ಬಳಿ, ಗುಮಾಸ್ತ ರಜೆಯ ಮೇಲೆ. ಮ್ಯಾನೇಜರು ಗೊಣಗಿದರು: "ಒಬ್ಬ ಐದು ನಿಮಿಷ ಇಳಿಯೋದಕ್ಕೆ ಇಷ್ಟೊಂದು ರಾಮಾಯಣವಾ?" ಪಂಪಕ್ಕ ಬಾವಿಯ ಕಬ್ಬಿಣದ ಮುಚ್ಚಳ ದಢಾರನೆ ಎಳೆದು ಅದರ ಮೇಲೆ ಕೂತುಬಿಟ್ಟಳು. "ಇಳಿಸೋದಾದ್ರೆ ನನ್ನ ಎತ್ತಿ ಆಚೆ ಹಾಕಿ ಇಳಿಸಿ." ಬೈದರು, ಬೇಡಿಕೊಂಡರು. ಏಳಲಿಲ್ಲ. ಕೂತಲ್ಲಿಂದ ಅವಳಿಗೆ ತನ್ನ ಮನೆಯ ಹೊಸ್ತಿಲು ಕಾಣುತ್ತಿತ್ತು. ಅದು ಮುಳುಗುವುದನ್ನು ನೋಡುತ್ತಲೇ ಕೂತಳು.

ಬಾವಿ ತುಂಬಿ, ನೀರು ಮುಚ್ಚಳದ ಸಂದಿಯಿಂದ ಉಕ್ಕಿದಾಗ ಎದ್ದಳು. ಮೈದುನ ಮುಚ್ಚಳ ಸರಿಸಿದ. ಮೊದಲು ತೇಲಿ ಬಂದದ್ದು ಹೆಗ್ಗಣಗಳು. ಹೊಟ್ಟೆ ಮೇಲೆ ಮಾಡಿಕೊಂಡು ಒಂದರ ಹಿಂದೊಂದು ಹೊರಗೆ ಹರಿದವು. ಹೆಗ್ಗಣ ನೀರಿಗೆ ಸಾಯುವ ಪ್ರಾಣಿಯಲ್ಲ, ಊರಿಗೆಲ್ಲ ಗೊತ್ತು. ಮೈದುನ ಸೊಂಟದ ಹಗ್ಗ ಬಿಚ್ಚಲು ಹೋದ. ನೆನೆದ ಗಂಟು ಸಡಿಲವಾಗಲಿಲ್ಲ, ಅವಳೇ ಬಿಚ್ಚಿದಳು.

ತಗ್ಗಿನ ಬೀದಿ ಮೊಳಕಾಲುದ್ದ ಹೊಲಸಿನಲ್ಲಿ ನಿಂತಿತು. ಗಂಡನ ಮಷಿನ್ನು ಹೋಯಿತು, ಗಿರಾಕಿಗಳ ಬಟ್ಟೆ ಹೋಯಿತು. ಗಂಡ ಒಂದು ಮಾತೂ ಬೈಯಲಿಲ್ಲ. ತಮ್ಮನ ತಲೆ ಒಮ್ಮೆ ಮುಟ್ಟಿ ನೋಡಿ, ಕೆಸರು ಬಾಚಲು ಕೂತ. ಬೀದಿಯವರು ಸುಮ್ಮನಿರಲಿಲ್ಲ. "ಮನೆಹಾಳಿ, ಒಬ್ಬನಿಗೋಸ್ಕರ ನಮ್ಮನ್ನೆಲ್ಲ ಮುಳುಗಿಸಿದ್ಲು" ಎಂದು ನಲ್ಲಿಯ ಹತ್ತಿರ ಅವಳಿಗೆ ಕೇಳುವಂತೆಯೇ ಆಡಿಕೊಂಡರು.

ವಿಪತ್ತಿನ ಸಮಯದಲ್ಲಿ ಸಹಕರಿಸಲಿಲ್ಲವೆಂದು ಇಲಾಖೆ ಅವಳನ್ನು ಕೆಲಸದಿಂದ ತೆಗೆಯಿತು. ಪಂಪು ಕೊಟ್ಟದ್ದಕ್ಕೆ ಕಾರ್ಖಾನೆಗೆ ಅಭಿನಂದನೆ ಸಿಕ್ಕಿತು. ಹೆಗ್ಗಣಗಳ ವಿಚಾರ ವರದಿಯಲ್ಲಿ ಇಲಿಕಾಟ ಎಂದು ಬಂತು. ಸತ್ತ ಮನುಷ್ಯ ಇಲ್ಲದ ಮೇಲೆ ಕೇಸು ಎಲ್ಲಿಂದ ಬರಬೇಕು? ಹೆಣ ಬಿದ್ದಿದ್ದರೆ ನಾವೂ ಬಾವುಟ ಹಿಡಿದು ಹೋಗುತ್ತಿದ್ದೆವು. ಹೆಣ ಬೀಳದಂತೆ ತಡೆದವಳಿಗೆ ಒಂದು ಘೋಷಣೆಯೂ ಇಲ್ಲ.

ಪಂಪ್‌ಹೌಸಿಗೆ ಹೊಸ ಹುಡುಗಿ ಬಂದಿದ್ದಾಳೆ. ಚುರುಕು ಮೂಗಂತೆ. ಮೀಟರು ಬೀರುವಿನಲ್ಲೇ ಇದೆ. ತೊಟ್ಟಿ ಕಟ್ಟಲು ಮತ್ತೆ ಕಾಲಾವಕಾಶ ಸಿಕ್ಕಿದೆ. ಮೈದುನ ಈಗಲೂ ಅದೇ ಹಗ್ಗ ಕಟ್ಟಿಕೊಳ್ಳುತ್ತಾನೆ. ದಿಬ್ಬದ ಆಚೆ ಮೋಡ ಕಟ್ಟುತ್ತಿದೆ.

ಓದುತ್ತಿರುವವರೇ, ನಿಮ್ಮ ಬೀದಿಯ ಕೊನೆಯಲ್ಲೂ ಇಂಥದೊಂದು ಬಾವಿ ಇದೆ. ಮಳೆ ಹಿಡಿಯುವ ಮುಂಚೆ ಅಲ್ಲಿಗೆ ಹೋಗಿ ಮೀಟರು ಕೇಳಿ. ತೋರಿಸುವವರೆಗೆ ಅಲ್ಲಿಂದ ಕದಲಬೇಡಿ. ತೋರಿಸದಿದ್ದರೆ, ಹೊಲಸು ನಿಮ್ಮ ಹೊಸ್ತಿಲು ದಾಟಿ ನಡುಮನೆಗೆ ಬಂದರೂ ಸರಿ, ಆ ಮುಚ್ಚಳದ ಮೇಲೆ ನೀವು ಕೂರಬೇಕು. ಕೂರುತ್ತೀರೋ ಇಲ್ಲವೋ, ಈಗಲೇ ಹೇಳಿ.