ಸಹಿಯ ಮೇಲೆ ಬಿಟ್ಟ ಎರಡು ಸಾಲು

ಕಾಲೇಜುಗಳು ಶುರುವಾಗುವ ಹೊತ್ತಿನಲ್ಲಿ ರಾಮದುರ್ಗದ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ ಫೆಲೋಶಿಪ್ ಅರ್ಜಿಗೆ ಫೋಟೋ ಅಂಟಿಸುತ್ತಿದ್ದಳು. ಗೋಂದಿನ ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಆ ಹುಳಿ ವಾಸನೆ ಮೂಗಿಗೆ ಬಂತು. ಅಕ್ಕೋರ ಟೇಬಲ್ಲಿನ ವಾಸನೆ... ಅವರು ಸವದತ್ತಿಯಲ್ಲಿ ತೀರಿಕೊಂಡು ಆಗ ಹದಿನೈದು ದಿನವೂ ಆಗಿರಲಿಲ್ಲ. ನನಗೆ ಸುದ್ದಿ ತಲುಪಿದ್ದು ಮಣ್ಣಾದ ಮೇಲೆ.

ಅಕ್ಕೋರು ಬೈಲಹೊಂಗಲದ ನಮ್ಮ ಕಾಲೇಜಿನ ಆಫೀಸಿನಲ್ಲಿ ಹಂಗಾಮಿ ಕೆಲಸದಲ್ಲಿದ್ದರು. ಪಾಠ ಹೇಳುತ್ತಿರಲಿಲ್ಲ, ಆದರೂ ನಾವೆಲ್ಲ ಅಕ್ಕೋರು ಎಂದೇ ಕರೆಯುತ್ತಿದ್ದೆವು. ಹೊರಗಿನ ಒಂದು ಸಂಸ್ಥೆ ನಮ್ಮಂಥ ಕೇರಿಯ ಹುಡುಗಿಯರಿಗೆ, ಹುಡುಗರಿಗೆ ಫೆಲೋಶಿಪ್ ಕೊಡುತ್ತಿತ್ತು. ಮನೆಯಲ್ಲಿ ಕಾಲೇಜು ಹತ್ತಿದವರಲ್ಲಿ ಮೊದಲಿಗರಾಗಿರಬೇಕು, ಆದಾಯ ಕಡಿಮೆ ಇರಬೇಕು, ಬೇರೆ ಕಡೆಯಿಂದ ಸ್ಕಾಲರ್‌ಶಿಪ್ ಬರುತ್ತಿರಬಾರದು, ಹಾಜರಿ ತಪ್ಪಬಾರದು. ಒಂದು ಕಾಗದ ಹೆಚ್ಚುಕಡಿಮೆಯಾದರೆ ಹೆಸರು ಹೋಯಿತು. ಆ ಕಾಗದಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರು.

ಪ್ರತಿಯೊಬ್ಬರ ಫೈಲನ್ನೂ ತಾವೇ ತೆಗೆದು, ಹಾಳೆ ಹಾಳೆ ತಿರುವಿ ನೋಡುತ್ತಿದ್ದರು. ನನ್ನ ಫೋಟೋ ನೋಡಿ, "ಇದೇನವಾ, ಕಳವು ಮಾಡಿ ಸಿಕ್ಕಬಿದ್ದವರಂಗ ನಿಂತೀದಿ! ಫೆಲೋಶಿಪ್ ಸಿಗತೈತಿ, ಒಂದೀಟು ನಗಬಾರದೇನು?" ಎಂದಿದ್ದರು. ಆದಾಯ ಪ್ರಮಾಣಪತ್ರದ ಅವಧಿ ಮುಗಿಯಲು ಎರಡು ತಿಂಗಳಿರುವಾಗಲೇ ನನ್ನನ್ನು ತಹಶೀಲ್ದಾರ ಕಚೇರಿಗೆ ಓಡಿಸುತ್ತಿದ್ದರು. ನಾನು ಬೇಸರಪಟ್ಟರೆ, "ನಿಮಗ ಕೊಡಾಕ ಹತ್ತು ಕಾಗದ ಬೇಕು. ಕಿತ್ಗೊಳ್ಳಾಕ ಒಂದ ಸಾಕು. ಆ ಒಂದು ಅವರ ಕೈಗೆ ಸಿಗಬಾರದು, ತಿಳೀತಿಲ್ಲೋ?" ಎನ್ನುತ್ತಿದ್ದರು.

ಇಷ್ಟು ಜಾಗ್ರತೆಯ ಹೆಂಗಸು ಒಂದೇ ಒಂದು ತಪ್ಪು ಮಾಡುತ್ತಿದ್ದರು. ಅದನ್ನೂ ನಮಗಾಗಿ.

ಪರಿಶೀಲನೆಯ ಕೊನೆಯ ದಿನ ಎಲ್ಲರೂ ಬಂದು ಪಟ್ಟಿಯಲ್ಲಿ ಹೆಸರು ಬರೆದು ಸಹಿ ಮಾಡಬೇಕು. ಕೆಳಗೆ ಅಕ್ಕೋರು ಸಹಿ ಮಾಡಿ ಸಿಕ್ಕೆ ಒತ್ತಿ, ಮೂರು ಗಂಟೆಯೊಳಗೆ ಆಫೀಸಿನ ಹೆಡ್ ಕ್ಲರ್ಕನಿಗೆ ಒಪ್ಪಿಸಬೇಕು. ಆದರೆ ನಮ್ಮ ಮನೋಳಿ ಕಡೆಯ ಬಸ್ಸು, ರಾಮದುರ್ಗದ ಬಸ್ಸು ಎಷ್ಟು ಹೊತ್ತಿಗೆ ಬರುತ್ತವೆಂದು ಯಾರಿಗೆ ಗೊತ್ತು? ಅದಕ್ಕೇ ಅವರು ತಮ್ಮ ಸಹಿಯ ಮೇಲೆ ಒಂದೆರಡು ಸಾಲು ಖಾಲಿ ಬಿಡುತ್ತಿದ್ದರು. ತಡವಾಗಿ ಬಂದವರು ಹೆಸರು ಬರೆದು, ಪಕ್ಕದಲ್ಲಿ ಬಂದ ವೇಳೆಯನ್ನೂ ಬರೆಯಬೇಕು. ಉಳಿದ ಸಾಲಿಗೆ ಮರುದಿನ ಬೆಳಿಗ್ಗೆ ಗೀಟು ಹಾಕುತ್ತಿದ್ದರು.

ನನ್ನ ಕೊನೆಯ ವರ್ಷ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನಾನು ಕಾಲೇಜು ಮುಟ್ಟಿದಾಗ ಮೂರೂವರೆ. ಪಟ್ಟಿ ಆಗಲೇ ಹೆಡ್ ಕ್ಲರ್ಕನ ಟೇಬಲ್ಲಿನ ಮೇಲಿತ್ತು. ಎರಡು ಸಾಲು ಖಾಲಿ ಇದ್ದವು, ಒಂದು ನನಗೆ, ಇನ್ನೊಂದು ರಾಮದುರ್ಗದಿಂದ ಬರಬೇಕಿದ್ದ ನನ್ನ ಜೊತೆಯ ಹುಡುಗಿಗೆ. ನಾನು ಬರೆದೆ, ವೇಳೆ ಹಾಕಿದೆ. ನನ್ನ ಕೆಳಗಿನ ಸಾಲು ಖಾಲಿಯೇ ಇತ್ತು. ಕಣ್ಣಾರೆ ನೋಡಿದ್ದೇನೆ. ರಾಮದುರ್ಗದ ಹುಡುಗಿ ಆ ದಿನ ಬರಲೇ ಇಲ್ಲ.

ಮರುದಿನ ಅಕ್ಕೋರು ಗೀಟು ಹಾಕಲು ಹೋಗುವಷ್ಟರಲ್ಲಿ ಪಟ್ಟಿ ಸಂಸ್ಥೆಗೆ ಹೋಗಿಬಿಟ್ಟಿತ್ತು. ಆ ಖಾಲಿ ಸಾಲಿನಲ್ಲಿ ಹೆಡ್ ಕ್ಲರ್ಕನ ಅಕ್ಕನ ಮಗನ ಹೆಸರು ಸೇರಿತ್ತು. ಅಪ್ಪ ಬ್ಯಾಂಕಿನಲ್ಲಿದ್ದ ಹುಡುಗ. ಆತನನ್ನು ಸೇರಿಸಿರೆಂದು ಹೆಡ್ ಕ್ಲರ್ಕ ಮೊದಲೇ ಕೇಳಿದ್ದ, ಅಕ್ಕೋರು ಆಗುವುದಿಲ್ಲ ಎಂದಿದ್ದರು. ಕೆಲವು ತಿಂಗಳ ಮೇಲೆ ಸಂಸ್ಥೆಯಿಂದ ತನಿಖೆಗೆ ಬಂದವರು ಅದನ್ನು ಹಿಡಿದರು. ಹೆಡ್ ಕ್ಲರ್ಕ ಏನೂ ಅರಿಯದವನಂತೆ ಅಕ್ಕೋರ ಸಹಿಯ ಮೇಲೆ ಬೆರಳಿಟ್ಟ.

ನನ್ನನ್ನೂ ಒಳಗೆ ಕರೆದರು. "ನೀನು ಸಹಿ ಮಾಡುವಾಗ ಕೆಳಗೆ ಈ ಹೆಸರು ಇತ್ತೇನಮ್ಮಾ?" ಎಂದು ಕೇಳಿದರು. ಆ ಬೆಳಿಗ್ಗೆಯೇ ಹೆಡ್ ಕ್ಲರ್ಕ ನನಗೆ ಹೇಳಿದ್ದ: "ನಿನ್ನ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ ಎಲ್ಲಾ ಒರಿಜಿನಲ್ ನನ್ನ ಕಪಾಟಿನ್ಯಾಗ ಅದಾವು. ನೆನಪಿರಲಿ."

"ನೋಡಿಲ್ರಿ" ಎಂದೆ.

ಅಕ್ಕೋರು ಅಲ್ಲಿಯೇ ಕುಳಿತಿದ್ದರು. ನನ್ನ ಮುಖ ನೋಡಲಿಲ್ಲ. ಅವರ ಕೆಲಸ ಹೋಯಿತು. ಸಂಸ್ಥೆ ನಮ್ಮ ಕಾಲೇಜಿಗೆ ಮುಂದೆ ಫೆಲೋಶಿಪ್ ಕೊಡಲಿಲ್ಲ. ನನ್ನದು ಕೊನೆಯ ವರ್ಷವಾದ್ದರಿಂದ ನಾನು ಪಾರಾದೆ. ನನ್ನ ನಂತರ ಬಂದ ಹುಡುಗಿಯರು ಎಲ್ಲಿಗೆ ಹೋದರೋ... ಅಕ್ಕೋರು ಸವದತ್ತಿಯ ತಮ್ಮನ ಮನೆ ಸೇರಿ ಮಕ್ಕಳಿಗೆ ಟ್ಯೂಶನ್ ಹೇಳುತ್ತಿದ್ದರಂತೆ. ಕಳ್ಳ ಪಟ್ಟಿ ಮಾಡಿದವಳು ಎಂಬ ಮಾತು ಅಲ್ಲಿಗೂ ಹಿಂದೆಯೇ ಹೋಗಿತ್ತಂತೆ. ನಾನು ಧಾರವಾಡಕ್ಕೆ ಹೋಗುವಾಗಲೆಲ್ಲ ಬಸ್ಸು ಸವದತ್ತಿಯಲ್ಲಿ ನಿಲ್ಲುತ್ತಿತ್ತು. ಇಳಿಯಲಿಲ್ಲ.

ಝೆರಾಕ್ಸ್ ಅಂಗಡಿಯ ಆ ಹುಡುಗಿಯ ಅರ್ಜಿ ಅದೇ ಸಂಸ್ಥೆಯದು. ಹಿಂದಿನ ಪುಟದಲ್ಲಿ ಆಯ್ಕೆ ಸಮಿತಿಯವರ ಹೆಸರುಗಳಿದ್ದವು. ಸ್ಥಳೀಯ ಸದಸ್ಯನೆಂದು ನಿವೃತ್ತನಾದ ಹೆಡ್ ಕ್ಲರ್ಕನ ಹೆಸರು ಮೂರನೆಯದು. ಯಾರು ಅರ್ಹರು, ಯಾರು ಅಲ್ಲ ಎಂದು ಇನ್ನು ಆತ ಹೇಳುತ್ತಾನೆ! ಆ ಪುಟದ್ದೊಂದು ಝೆರಾಕ್ಸ್ ನಾನೂ ತೆಗೆಸಿಕೊಂಡೆ. ಇಷ್ಟು ವರ್ಷ ಹುಡುಕುತ್ತಿದ್ದದ್ದು ಸಿಕ್ಕಿದಂತಾಗಿತ್ತು.

ಮುಂದಿನ ಭಾನುವಾರ ಬೈಲಹೊಂಗಲದ ಅವನ ಮನೆಗೆ ಹೋದೆ. ಜೋಕಾಲಿಯ ಮೇಲೆ ಕುಳಿತಿದ್ದ. "ಬಾರವಾ. ಹಾಸ್ಟೆಲ್ ವಾರ್ಡನ್ ಆಗೀಯಂತ, ಕೇಳಿ ಭಾಳ ಖುಷಿ ಆತು. ನಮ್ಮ ಕಾಲೇಜಿನ ಹುಡುಗಿ!" ಎಂದ.

"ಆ ಖಾಲಿ ಸಾಲಿನ್ಯಾಗ ಹೆಸರು ಸೇರಿಸಿದವರು ನೀವು. ಸಂಸ್ಥೆಗೆ ಕಾಗದ ಬರದೇನಿ, ನಾಳೆ ಕಳಸಾಕಿ ಅದೇನಿ. ಮೊದಲ ನಿಮಗ ಹೇಳಿ ಹೋಗೋಣಂತ ಬಂದೆ."

ಜೋಕಾಲಿ ನಿಂತಿತು. "ಹಳೇದನ್ನ ಯಾಕ ಕೆದರತೀ? ಅಕಿ ಸತ್ತ ಹೋಗ್ಯಾಳ."

"ಅವರು ಸತ್ತಾರ್ರಿ. ನಾ ಇನ್ನೂ ಅದೇನಿ."

"ಅವತ್ತ ನೋಡಿಲ್ಲಂತ ಹೇಳಿದಾಕಿ ನೀನ. ಇವತ್ತ ನಿನ್ನ ಮಾತು ಯಾರು ನಂಬತಾರ?"

"ನಂಬಲಿಕ್ಕಿಲ್ಲ. ನಾ ಸುಳ್ಳು ಹೇಳಿದ್ದನ್ನೂ ಬರದೇನಿ. ಯಾರ ಅಂಜಿಕಿಗೆ ಹೇಳಿದೆ ಅನ್ನೂದನ್ನೂ ಬರದೇನಿ. ನಿಮ್ಮ ಕಪಾಟಿನ್ಯಾಗ ಈಗ ನಂದೇನೂ ಇಲ್ಲಲ್ರಿ."

ಅವನ ಮುಖ ಇಳಿದದ್ದನ್ನು ನಾನು ಪೂರ್ತಿ ನೋಡಿದೆ. ಅವಸರ ಮಾಡಲಿಲ್ಲ. ಅವನ ಹೆಂಡತಿ ಒಳಗಿನಿಂದ ಬಂದು, "ಏನಾತ್ರೀ?" ಎಂದಾಗಲೂ ನಾನು ಏಳಲಿಲ್ಲ. ಅವನೇ ಆಕೆಗೆ ಏನಾದರೂ ಹೇಳಲಿ ಎಂದು ಕಾದೆ. ಅವನು ಆಕೆಗೆ ಒಳಗೆ ಹೋಗೆಂದು ಕೈಸನ್ನೆ ಮಾಡಿದ. ಕರುಣೆ ಬರಬಹುದೆಂದು ಅಂಜಿದ್ದೆ. ಬರಲಿಲ್ಲ.

ಎರಡು ತಿಂಗಳಿಗೆ ಸಂಸ್ಥೆಯಿಂದ ಉತ್ತರ ಬಂತು. ಹಳೆಯ ವರ್ಷಗಳ ಪಟ್ಟಿಗಳನ್ನೆಲ್ಲ ತೆಗೆಸಿ ನೋಡಿದ್ದರು. ತಡವಾಗಿ ಬಂದವರೆಲ್ಲರ ಹೆಸರಿನ ಮುಂದೆ ವೇಳೆ ಇತ್ತು. ಆ ಒಂದು ಹೆಸರಿನ ಮುಂದೆ ಇರಲಿಲ್ಲ, ಅಕ್ಷರವೂ ಹುಡುಗನದಾಗಿರಲಿಲ್ಲ. ಹೆಡ್ ಕ್ಲರ್ಕನನ್ನು ಸಮಿತಿಯಿಂದ ತೆಗೆದಿದ್ದರು. ಅಕ್ಕೋರ ಮೇಲಿನ ಆರೋಪ ತಪ್ಪೆಂದು ಬರೆದು, ಇದನ್ನು ಅವರ ಮನೆಯವರಿಗೆ ತಿಳಿಸಬೇಕೆಂದು ಕೇಳಿಕೊಂಡಿದ್ದರು. ಆ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ. ಸುಳ್ಳೇಕೆ ಹೇಳಲಿ, ಬಹಳ ರುಚಿಯಾಗಿತ್ತು.

ಮೊನ್ನೆ ಸವದತ್ತಿಯಲ್ಲಿ ಇಳಿದೆ. ಅಕ್ಕೋರ ತಮ್ಮ ಕುರ್ಚಿ ಹಾಕಿ, "ಕುಂದರ್ರಿ" ಎಂದು ಒಳಗೆ ಚಹಾಕ್ಕೆ ಹೇಳಿದ. ಕಾಗದವನ್ನು ಎರಡು ಸಲ ಓದಿದ. ಆಮೇಲೆ ಕೇಳಿದ: "ನೀವು ಅವತ್ತ ಅಲ್ಲೇ ಇದ್ರೇನ್ರಿ?"

"ಇದ್ದೆ. ನನಗ ಗೊತ್ತಿತ್ತು. ಹೇಳಲಿಲ್ಲ."

ಅವನು ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡ. ಒಳಬಾಗಿಲಿಗೆ ಹೋಗಿ, "ಚಹಾ ಬ್ಯಾಡ ಬಿಡು" ಎಂದ. ದನಿ ಏರಿಸಿರಲಿಲ್ಲ.

ಎದ್ದು ಬಂದೆ. ಅವನು ಮಾಡಿದ್ದು ಸರಿಯಾಗಿತ್ತು.