ಲಾಯರಮ್ಮ ನನಗೆ ಕರುಣೆ ತೋರಿಸಲಿಲ್ಲ

ನಮ್ಮ ಲಾಯರಮ್ಮ ತೀರಿಕೊಂಡ ಮೇಲೆ ತಿಪಟೂರಿನಲ್ಲಿ ಅವರು ಹಾಡುತ್ತಿದ್ದ ಚರ್ಚಿನವರು ಒಂದು ಸಭೆ ಇಟ್ಟುಕೊಂಡಿದ್ದರು. ನಾನು ಹೊರಟಾಗ ಸೊಸೆ ಬಾಗಿಲಿಗೆ ಬಂದು, ಹೋಗುವುದಾದರೆ ಹೋಗಿ, ಅಲ್ಲಿ ಹಳೇ ಕೇಸಿನ ವಿಷಯ ಮಾತ್ರ ಎತ್ತಬೇಡಿ ಎಂದಳು. ಅವಳ ತವರಿನವರಿಗೆ ಅದು ಇಂದಿಗೂ ಗೊತ್ತಿಲ್ಲ. ಅತ್ತೆ ಕೊಬ್ಬರಿ ಕದ್ದ ಕೇಸಿನಲ್ಲಿ ಕೋರ್ಟು ಹತ್ತಿದವಳು ಎಂದು ತಿಳಿದರೆ ಅವರೆದುರು ತಲೆ ಎತ್ತುವುದು ಹೇಗೆ ಎಂಬುದು ಅವಳ ಸಂಕಟ. ನಾನು ಆಗಲಿ ಎನ್ನಲಿಲ್ಲ, ಆಗದು ಎನ್ನಲಿಲ್ಲ. ಮಾಯಸಂದ್ರದಲ್ಲಿ ಬಸ್ಸು ಹತ್ತಿದೆ.

ಕೇಸು ಆಗಿದ್ದು ನಿಜ. ಆಗ ನಾನು ಒಬ್ಬ ತೋಟದವರ ಮನೆಗೆ ಕೊಬ್ಬರಿ ಒಡೆಯಲು ಹೋಗುತ್ತಿದ್ದೆ. ಅಟ್ಟದ ಮೇಲೆ ವರ್ಷ ಒಣಗಿದ ಕಾಯಿಯನ್ನು ಗಂಡಸರು ಸುಲಿದು ಹಾಕುವರು, ಹೆಂಗಸರು ಸಾಲಾಗಿ ಕುಳಿತು ಚಿಪ್ಪು ಬಿಡಿಸುವೆವು. ಕೆಲವು ಉಂಡೆ ಕೊಬ್ಬರಿ ಒಳಗೇ ಕೆಟ್ಟು ಕಪ್ಪಾಗಿ ಕಮಟು ವಾಸನೆ ಹೊಡೆಯುತ್ತವೆ. ಅದಕ್ಕೆ ಕೌಟು ಎನ್ನುತ್ತೇವೆ. ಕೌಟು ಬಂದರೆ ಅದು ಒಡೆದವಳಿಗೆ. ಸಂಜೆ ಎಲ್ಲರೆದುರೇ ಮಡಿಲಿಗೆ ಹಾಕಿಕೊಂಡು ಬರುತ್ತಿದ್ದೆವು. ಮಿಲ್ಲಿಗೆ ಕೊಟ್ಟು ದೀಪದ ಎಣ್ಣೆ ಮಾಡಿಸುತ್ತಿದ್ದೆವು. ನಮ್ಮತ್ತೆಯೂ ಹಾಗೇ ತಂದವಳು. ತರುವವರು ಕೇಳುತ್ತಿರಲಿಲ್ಲ, ಯಜಮಾನರು ಕೊಟ್ಟೆ ಎನ್ನುತ್ತಿರಲಿಲ್ಲ.

ಹಳೇ ಯಜಮಾನರು ಹೋಗಿ ಮಗನ ಕೈಗೆ ತೋಟ ಬಂತು. ಆ ವರ್ಷ ಅವರ ಮನೆಯಿಂದ ಒಳ್ಳೆಯ ಕೊಬ್ಬರಿ ಯಾರೋ ಹೊತ್ತುಕೊಂಡು ಹೋದರು. ಮಗ ನನ್ನ ಮೇಲೆ ದೂರು ಕೊಟ್ಟ. ಪೊಲೀಸರು ಬಂದು ನೋಡಿದರೆ ನಮ್ಮ ಮನೆಯಲ್ಲಿ ಒಂದು ಚೀಲ ಕೌಟು. ಸ್ಟೇಷನ್ನಿನಲ್ಲಿ, ನೀನು ತಗೊಂಡಿದ್ದಾ ಎಂದು ಕೇಳಿದರು. ಹೌದು, ವರ್ಷಾ ವರ್ಷಾ ತಗೊಳ್ಳುತ್ತೇನೆ ಎಂದೆ, ಅದೂ ಎದೆ ಸೆಟೆಸಿ. ಕೊಬ್ಬರಿ ಒಡೆಯುವ ಯಾವ ಹೆಂಗಸನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದಳು. ಅವರು ಏನೋ ಬರೆದುಕೊಂಡರು. ನಾನು ಸಹಿ ಹಾಕಿದೆ. ಮೂರನೇ ಕ್ಲಾಸು ಓದಿದ್ದಕ್ಕೆ ಆದ ಉಪಯೋಗ ಅದು.

ವಕೀಲರನ್ನು ಇಡುವ ಶಕ್ತಿ ಇರಲಿಲ್ಲ. ಬಡವರಿಗೆಂದು ಸರ್ಕಾರವೇ ಒಬ್ಬರನ್ನು ಕೊಡುತ್ತದೆ ಎಂದು ತುರುವೇಕೆರೆ ಕೋರ್ಟಿನಲ್ಲಿ ಹೇಳಿದರು. ಪುಕ್ಕಟೆ ವಕೀಲರು ಇನ್ನೆಂಥವರು ಇರುತ್ತಾರೆ ಎಂದುಕೊಂಡೆ. ಮೊಣಕೈ ಹತ್ತಿರ ಹೊಲಿಗೆ ಹಾಕಿದ ಕರಿ ಕೋಟು ತೊಟ್ಟ ಸಣಕಲು ಹೆಂಗಸು ತಿಪಟೂರಿನಿಂದ ಬಸ್ಸಿನಲ್ಲಿ ಬಂದರು. ನನ್ನ ಕಾಗದ ಓದುತ್ತಲೇ ಏನೋ ಗುನುಗುತ್ತಿದ್ದರು.

"ನನ್ ಮಾನ ಹೋಯ್ತಾ ಐತೆ, ನೀವು ಹಾಡ್ ಹೇಳ್ತಾ ಕೂತಿದೀರಲ್ಲ" ಎಂದೆ.

"ಭಾನುವಾರ ಚರ್ಚಲ್ಲಿ ಹಾಡ್ಬೇಕು ಕಣಮ್ಮ. ಬಾಯಿ ಅದ್ರ ಕೆಲ್ಸ ಮಾಡುತ್ತೆ, ಕಣ್ಣು ನಿಮ್ಮ ಕೆಲ್ಸ ಮಾಡುತ್ತೆ" ಎಂದರು.

ಆಮೇಲೆ ಸ್ಟೇಷನ್ನಿನಲ್ಲಿ ಹೇಳಿದ ಮಾತಿಗೆ ಚೆನ್ನಾಗಿ ಬೈದರು. ಅಲ್ಲಿ ಒಪ್ಪಿಕೊಂಡಿದ್ದು ಇಲ್ಲಿ ನಿಲ್ಲುವುದಿಲ್ಲ, ಇಲ್ಲಿ ಒಪ್ಪಿಕೊಂಡರೆ ಮಾತ್ರ ಮುಗಿಯಿತು ಎಂದರು.

ಎರಡನೇ ವಾಯಿದೆಯ ದಿನ ತೋಟದವನು ಹೇಳಿಕಳಿಸಿದ. ಎಲ್ಲರೆದುರು ಕೈಮುಗಿದು ತಪ್ಪಾಯಿತು ಎಂದರೆ ರಾಜಿಯಂತೆ. ನಮ್ಮನೆಯವರು, ಒಂದು ಸಲ ಮುಗಿದುಬಿಡು, ಕೈಯೇನು ಸವೆಯುತ್ತದೆಯೇ ಎಂದರು. ನಾನು ಲಾಯರಮ್ಮನ ಮುಖ ನೋಡಿದೆ.

"ರಾಜಿ ಆದ್ರೆ ಇವತ್ತೇ ಮುಗಿಯುತ್ತೆ. ನಡೆಸಿದ್ರೆ ವರ್ಷಗಟ್ಲೆ ಅಲೀಬೇಕು, ಸೋತರೂ ಸೋಲ್ಬಹುದು" ಎಂದರು.

"ನನ್ ಜಾಗ್ದಲ್ಲಿ ನೀವಿದ್ರೆ?"

"ನಾನು ಕೊಬ್ಬರಿ ಒಡೆಯೋಳಲ್ಲ. ನೀವು ಹೇಳಿ."

"ನಾನು ಕೈ ಮುಗಿಯಾಕಿಲ್ಲ."

ಸರಿ ಎಂದು ಕಾಗದ ಮಡಿಚಿಟ್ಟರು. ಶಹಬ್ಬಾಸ್ ಎನ್ನಲಿಲ್ಲ, ಭುಜ ತಟ್ಟಲಿಲ್ಲ.

ಆಮೇಲೆ ಒಂದು ವಾಯಿದೆಯನ್ನೂ ಅವರು ತಪ್ಪಿಸಲಿಲ್ಲ. ನಮ್ಮ ಮನೆಗೆ ಬಂದು ನೆಲದ ಮೇಲೆ ಕುಳಿತು, ನನ್ನ ಕೈಯಲ್ಲಿ ಕಾಯಿ ಒಡೆಸಿ, ಒಳ್ಳೆಯದು ಯಾವುದು ಕೌಟು ಯಾವುದು ಎಂದು ಮೂಸಿ ಮೂಸಿ ಕಲಿತರು. ತೋಟದವನು ಸಾಕ್ಷಿ ಹೇಳಲು ನಿಂತ ದಿನ ಪೊಲೀಸರು ಹಿಡಿದಿದ್ದ ಚೀಲ ಬಿಚ್ಚಿಸಿದರು. ಕೋರ್ಟೆಲ್ಲಾ ಕಮಟು. ಜವಾನ ಮೂಗು ಮುಚ್ಚಿಕೊಂಡ. ಇದನ್ನು ಮಂಡಿಯಲ್ಲಿ ಯಾರಾದರೂ ಒಳ್ಳೆ ಕೊಬ್ಬರಿ ಎಂದು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದರು. ಇಲ್ಲ ಎಂದ. ಲಾಯರಮ್ಮ ದನಿಯನ್ನೇ ಏರಿಸಲಿಲ್ಲ.

"ನಿಮ್ಮ ತಂದೆಯವರ ಕಾಲ್ದಲ್ಲಿ ಕೌಟು ಯಾರಿಗೆ ಹೋಗ್ತಿತ್ತು?"

ಅವನು ಬಿಚ್ಚಿದ ಚೀಲದ ಕಡೆ ನೋಡಿ, "ಒಡೆಯೋರಿಗೆ" ಎಂದ.

ಅಲ್ಲಿಗೆ ಕೇಸು ಬಿದ್ದುಹೋಯಿತು.

ಗೆದ್ದ ಮೇಲೆ ಒಂದು ಭಾನುವಾರ ಚರ್ಚಿಗೆ ಹೋಗಿ ಹಿಂದೆ ನಿಂತು ಅವರ ಹಾಡು ಕೇಳಿದೆ. ಹಾರ್ಮೋನಿಯಂ ನುಡಿಸುವವನು ಎಡವುತ್ತಿದ್ದ. ಇವರು ಅವನಿಗೆ ಕಾಯದೆ ಮುಂದೆ ಹೋಗುತ್ತಿದ್ದರು. ಕೋರ್ಟಿನಲ್ಲಿ ಬಾಯಿ ಸತ್ತವರಂತೆ ಮಾತಾಡುವ ಹೆಂಗಸಿಗೆ ಅಷ್ಟು ದೊಡ್ಡ ಗಂಟಲು ಇದೆ ಎಂದು ನನಗೆ ಅಂದೇ ಗೊತ್ತಾಗಿದ್ದು.

ಮೊನ್ನೆಯ ಸಭೆಯಲ್ಲಿ ಒಬ್ಬೊಬ್ಬರೇ ಎದ್ದು ಕರುಣಾಮಯಿ ಎಂದರು, ಬಡವರನ್ನು ಕಂಡರೆ ಕಣ್ಣೀರು ಹಾಕುತ್ತಿದ್ದರು ಎಂದರು. ನಾನು ಒಂದು ಹನಿಯನ್ನೂ ಕಂಡವಳಲ್ಲ. ಇನ್ಯಾರಾದರೂ ಮಾತಾಡುತ್ತೀರಾ ಎಂದು ಪಾದ್ರಿಗಳು ಕೇಳಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೊಬೈಲ್ ಎತ್ತಿ ಹಿಡಿದಿದ್ದಳು. ಏನು ಆಡಿದರೂ ಊರಿಗೆ ಮುಟ್ಟುತ್ತದೆ ಎಂದು ಗೊತ್ತಿದ್ದೇ ಎದ್ದೆ.

"ಅವ್ರು ನನಗೆ ಕರುಣೆ ತೋರಿಸ್ನಿಲ್ಲ. ಕರುಣೆ ತಪ್ಪು ಮಾಡ್ದೋರಿಗೆ. ಕೊಬ್ಬರಿ ಕದ್ದೆ ಅಂತ ನನ್ ಮೇಲೆ ಕೇಸಾಗಿತ್ತು. ನಾನು ಕದ್ದಿರ್ನಿಲ್ಲ. ಅದನ್ನ ಕೇಸ್ ಹಾಕ್ದೋನ ಬಾಯಲ್ಲೇ ಹೇಳಿಸಿದ್ರು" ಎಂದು ಹೇಳಿ ಕುಳಿತೆ.

ನಾನು ಮನೆ ಸೇರುವ ಮೊದಲೇ ಅದು ಸೊಸೆಯ ಮೊಬೈಲಿಗೆ ಬಂದಿತ್ತು.

"ಯಾಕತ್ತೆ ಹೇಳಕ್ಕೋದ್ರಿ? ಗೆದ್ದಾಗಿತ್ತಲ್ಲ, ಸುಮ್ನಿರಬಾರ್ದಿತ್ತಾ?"

"ಗೆದ್ದೋಳು ಯಾಕೆ ಬಚ್ಚಿಡ್ಲಿ? ಬಚ್ಚಿಟ್ರೆ ಕದ್ದಂಗೇ ಆಯ್ತದೆ ಕಣೇ."

ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಡದಿದ್ದರೆ ಬಿಡಲಿ. ಅವಳ ತವರಿನವರು ಈ ಭಾನುವಾರ ಬರುತ್ತಾರಂತೆ. ಬರಲಿ, ಕೇಳಲಿ. ಕೂರಿಸಿಕೊಂಡು ಮೊದಲಿನಿಂದ ಹೇಳುತ್ತೇನೆ.